ಯಾಕೋ ಅನ್ನುವ ಕಾರಣ

ನನಗೊಂದು ಕೆಟ್ಟ ಅಭ್ಯಾಸವಿದೆ. ಒಂದು ಕೆಲಸವನ್ನು ಯಾಕೆ ಮಾಡಿದೆ, ಇನ್ನೊಂದನ್ನು ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವ ಉತ್ತರ "ಯಾಕೋ". ಯಾಕೋ ಬೇಡ ಅನ್ನಿಸಿತು. ಯಾಕೋ ಹೋಗೋಣ ಅನ್ನಿಸಿತು. ಇದಕ್ಕಿಂತ ಹೆಚ್ಚಿನ ಕಾರಣ ನನ್ನ ಹತ್ತಿರ ಇರುವುದಿಲ್ಲ. ಕೇಳಿದವರು ಇನ್ನೊಂದು ನಿಮಿಷ ಕಾದು, ಮುಂದೇನೂ ಬಾರದೆ, ತಲೆ ಕೊಡವಿ ಎದ್ದು ಹೋಗುತ್ತಾರೆ.

ಈ ಯಾಕೋ ಯಾವಾಗಲೂ ಸರಿಯಾಗಿರುತ್ತದೆ ಅಂದುಕೊಳ್ಳಬೇಡಿ. ಮೊನ್ನೆ ಸಂತೆಯಲ್ಲಿ ಎರಡು ಮಡಕೆ ಎತ್ತಿ ನೋಡಿದೆ. ಒಂದು ಯಾಕೋ ಒಪ್ಪಲಿಲ್ಲ, ಇನ್ನೊಂದನ್ನು ತಂದೆ. ಒಲೆಯ ಮೇಲಿಟ್ಟ ಮೊದಲ ದಿನವೇ ಅದು ಬಿರುಕು ಬಿಟ್ಟು ಸಾರೆಲ್ಲ ಬೂದಿಯ ಪಾಲಾಯಿತು. ನಾನು ಬೇಡವೆಂದ ಮಡಕೆಯನ್ನು ಪಕ್ಕದ ಮನೆಯವರು ಕೊಂಡಿದ್ದರು. ಅದು ಈಗಲೂ ಗಟ್ಟಿಮುಟ್ಟಾಗಿದೆ, ದಿನಾ ಅವರ ಜಗಲಿಯ ಮೇಲೆ ಒಣಗಲು ಕೂತು ನನ್ನನ್ನೇ ನೋಡುತ್ತಿರುತ್ತದೆ. ಹಿಂದೆ, ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಬಸ್ಸು ಓಡಿಸುತ್ತಿದ್ದರು. ಕೋಲಾರದಲ್ಲಿ ಅಂಥದೊಂದು ಬಸ್ಸು ಹತ್ತಿ ಕೂತವಳು, ಯಾಕೋ ಸರಿಯಿಲ್ಲ ಎಂದು ಮಗುವನ್ನು ಎತ್ತಿಕೊಂಡು ಇಳಿದುಬಿಟ್ಟೆ. ಬಸ್ಸು ಸುಖವಾಗಿ ಊರು ಸೇರಿತು. ನಾನು ಅರ್ಧ ದಾರಿ ನಡೆದು, ಇನ್ನರ್ಧ ದಾರಿ ಹುಲ್ಲಿನ ಗಾಡಿಯ ಮೇಲೆ ಕೂತು, ತಲೆಯ ತುಂಬ ಹುಲ್ಲಿನೊಂದಿಗೆ ಮನೆಗೆ ಬಂದೆ.

ನಮ್ಮ ಯಜಮಾನರು ಬೌರಿಂಗ್‌ಪೇಟೆಯಲ್ಲಿ, ಅಂದರೆ ಈಗ ನೀವೆಲ್ಲ ಬಂಗಾರಪೇಟೆ ಅನ್ನುವ ಊರಿನಲ್ಲಿ, ಟಪಾಲು ಹಂಚುತ್ತಿದ್ದವರು. ಅವತ್ತು ನನ್ನ ತಲೆಯಿಂದ ಹುಲ್ಲು ಆರಿಸುತ್ತ ಅವರು ಅಂದದ್ದು ಇದು: "ನಿನ್ನ ಯಾಕೋ ಅನ್ನೋದು ವಿಳಾಸ ಇಲ್ಲದ ಕಾಗದ ಕಣೇ. ಬಂದೈತೆ ಅಂತ ಗೊತ್ತು, ಎಲ್ಲಿಂದ ಬಂತು ಅಂತ ಗೊತ್ತಿಲ್ಲ."

ನಾನೂ ನಕ್ಕೆ. ಆದರೆ ಅಂಥದೇ ಒಂದು ಕಾಗದ ನನ್ನ ಹದಿನಾರನೆಯ ವಯಸ್ಸಿನಲ್ಲಿ ಬರದೇ ಹೋಗಿದ್ದರೆ ನಾನು ಈ ಮನುಷ್ಯನ ಹೆಂಡತಿಯಾಗುತ್ತಲೇ ಇರಲಿಲ್ಲ. ಕೋರಮಂಡಲ್‌ನ ಚಿನ್ನದ ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಲೈನಿನ ಒಂದು ಮನೆಯಲ್ಲಿ, ನನ್ನ ಸೋದರಮಾವನ ಹೆಂಡತಿಯಾಗಿ ಇರುತ್ತಿದ್ದೆ.

ಮಾವನ ಹೆಸರು ವೆಂಕಟಸ್ವಾಮಿ. ನಮ್ಮ ಬಾಯಲ್ಲಿ ಎಂಕಟ ಮಾಮ. ಅಮ್ಮನಿಗೆ ಮದುವೆಯಾದ ವರ್ಷವೇ ಅವಳ ತಂದೆ ತಾಯಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಎಂಟು ವರ್ಷದ ತಮ್ಮನ ಕೈ ಹಿಡಿದುಕೊಂಡು ಅವಳು ನಮ್ಮೂರಿಗೆ ಬಂದಳು. ಬೌರಿಂಗ್‌ಪೇಟೆಯಿಂದ ಎರಡು ಮೈಲಿ ದೂರದ ಊರು, ಒಂದಿಷ್ಟು ರಾಗಿ ಹೊಲ, ನಾಲ್ಕು ಎಮ್ಮೆ. ಅದಾದ ಎರಡು ವರ್ಷಕ್ಕೆ ನಾನು ಹುಟ್ಟಿದೆ. ಹೊಲದ ಕೆಲಸದಲ್ಲಿ ಅಮ್ಮನಿಗೆ ನನ್ನನ್ನು ಎತ್ತಿಕೊಳ್ಳಲು ಪುರುಸೊತ್ತಿರಲಿಲ್ಲ, ಮಾಮನೇ ಎತ್ತಿ ಬೆಳೆಸಿದ. ನನಗೆ ನಡೆಯಲು ಬಂದ ಮೇಲೂ ಅವನು ನನ್ನನ್ನು ಕೆಳಗಿಳಿಸಲಿಲ್ಲವಂತೆ. ನನ್ನ ಕಾಲು ಸಣಕಲಾಗಿರುವುದಕ್ಕೆ ಅದೇ ಕಾರಣವೆಂದು ಅಮ್ಮ ಕೊನೆಯವರೆಗೂ ನಂಬಿದ್ದಳು.

ಹದಿನೇಳಕ್ಕೆ ಅವನು ಗಣಿ ಸೇರಿದ. ನೆಲದ ಕೆಳಗೆ, ಅದಿರು ತೆಗೆದ ಜಾಗದಲ್ಲಿ ಮೇಲಿನ ಬಂಡೆ ಕುಸಿಯದಂತೆ ಮರದ ಕಂಬ ನಿಲ್ಲಿಸುವ ಕೆಲಸ. ರಜಾ ಸಿಕ್ಕಿದ ವಾರ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ನಡೆದು, ಊರ ಮುಂದಿನ ಹುಣಸೆಮರದ ಹತ್ತಿರ ಬಂದಾಗಲೇ "ನಂಜೀ" ಎಂದು ಕೂಗುತ್ತಿದ್ದ. ಕೈಯಲ್ಲಿ ಆಂಡರ್ಸನ್‌ಪೇಟೆಯ ಬಿಸ್ಕತ್ತಿನ ಪೊಟ್ಟಣ. ನಾಲಿಗೆಯ ಮೇಲೆ ಪ್ರತಿ ಸಲವೂ ಒಂದಿಷ್ಟು ಹೊಸ ತಮಿಳು. ಊರಿನ ಮಕ್ಕಳೆಲ್ಲ ಅವನ ಹಿಂದೆ. ನಾನು ಮಾತ್ರ ಪಕ್ಕದಲ್ಲಿ, ಅವನ ಬೆರಳು ಹಿಡಿದುಕೊಂಡು, ರಾಣಿಯ ಗತ್ತಿನಲ್ಲಿ.

ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. ನನ್ನ ಗೆಳತಿ ಪಾಪಮ್ಮ ಅವಳ ಸೋದರಮಾವನನ್ನೇ ಮದುವೆಯಾಗಿ ಸುಖವಾಗಿದ್ದಳು. ನಾನು ತೊಟ್ಟಿಲಲ್ಲಿದ್ದಾಗಲೇ "ಇವಳು ಎಂಕಟನ ಹೆಂಡ್ತಿ" ಎಂದು ಎಲ್ಲರೂ ಅಂದದ್ದು. ನಾನೂ ಶಾಲೆಯಲ್ಲಿ ಅದನ್ನು ಹೇಳಿಕೊಂಡು ಮೆರೆದವಳೇ. ನನ್ನ ಪುಟ್ಟ ತಮ್ಮನನ್ನು ಬೌರಿಂಗ್‌ಪೇಟೆಯ ಶಾಲೆಗೆ ಕರೆದುಕೊಂಡು ಹೋಗುವ ನೆಪದಲ್ಲಿ ನಾನೂ ಆರನೇ ಕ್ಲಾಸಿನವರೆಗೆ ಓದಿದೆ. ಗಣಿಯಲ್ಲಿ ಕೆಲಸ ಮಾಡುವ ಗಂಡ ಯಾರಿಗಿದ್ದಾನೆ ಹೇಳಿ ನೋಡೋಣ ಎಂದು ಅಲ್ಲಿ ಸವಾಲು ಹಾಕುತ್ತಿದ್ದೆ.

ನನಗೆ ಹದಿನಾರಾದಾಗ, ಯುಗಾದಿ ಕಳೆದ ಮೇಲೆ ಲಗ್ನ ಎಂದು ಗೊತ್ತಾಯಿತು. ಹೆಣ್ಣು ನೋಡುವ ಶಾಸ್ತ್ರವಿಲ್ಲ, ಗಂಡಿನ ಮನೆಯ ವಿಚಾರಣೆಯಿಲ್ಲ. ಮಾಮನಿಗೆ ಹೊಸದಾಗಿ ಲೈನಿನಲ್ಲಿ ಮನೆ ಸಿಕ್ಕಿತ್ತು. ಅದಕ್ಕೆ ಸುಣ್ಣ ಬಳಿದು, ಒಲೆ ಹಾಕಿ, ಪಾತ್ರೆ ಜೋಡಿಸಿ ಬರೋಣವೆಂದು ಅಮ್ಮ ಒಂದು ಬೆಳಿಗ್ಗೆ ನನ್ನನ್ನು ಹೊರಡಿಸಿದಳು. ಗೋಣಿಚೀಲದಲ್ಲಿ ಪಾತ್ರೆ ಕಟ್ಟಿಕೊಂಡು ಮಾರಿಕುಪ್ಪಂ ಕಡೆಯ ರೈಲು ಹತ್ತಿದೆವು. ಕಿಟಕಿಯಲ್ಲಿ ಗಣಿಯ ಬಿಳಿ ಮಣ್ಣಿನ ದಿಬ್ಬಗಳು ಕಾಣಿಸಿದಾಗ ಅಮ್ಮ ನನ್ನ ಪಕ್ಕೆ ತಿವಿದು, "ನೋಡ್ಕೊ, ನಿನ್ನೂರು" ಅಂದಳು. ಅಮ್ಮ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮಗಳೂ ತಮ್ಮನೂ ಒಂದೇ ಮನೆಯಲ್ಲಿ, ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ. ಅವಳಿಗೆ ಬೇರೇನು ಬೇಕಿತ್ತು?

ಮನೆ ಚಿಕ್ಕದು. ಒಂದು ಕೋಣೆ, ಮುಂದೆ ಒಂದು ಚಾವಡಿ. ದೂರದಲ್ಲಿ ಅದಿರು ಕುಟ್ಟುವ ಯಂತ್ರಗಳ ಸದ್ದು ನಿಲ್ಲದೆ ಬರುತ್ತಿತ್ತು. ಮಾಮ ಗೋಡೆಗೆ ಹಲಗೆ ಬಡಿಯುತ್ತಿದ್ದ. "ಬಾ ನಂಜಿ, ಕೈ ಎತ್ತು" ಅಂದ. ಎತ್ತಿದೆ. ಹಲಗೆ ಸರಿಯಾಗಿ ನನ್ನ ಬೆರಳಿನ ಎತ್ತರಕ್ಕಿತ್ತು. ನಾನಿಲ್ಲದಾಗಲೇ ನನ್ನ ಎತ್ತರ ಅಂದಾಜು ಮಾಡಿ ಬಡಿದಿದ್ದ. "ಉಪ್ಪು, ಮೆಣಸಿನಕಾಯಿ, ಸಕ್ಕರೆ, ಎಲ್ಲಾ ಇಲ್ಲಿ ಇಟ್ಕೋ" ಅಂದ.

ಅದನ್ನು ಕಂಡು ನನಗೆ ಸಂತೋಷವಾಗಬೇಕಿತ್ತು. ಬದಲಿಗೆ ಬೇಡ ಅನ್ನಿಸಿತು. ಈ ಮನೆ ಬೇಡ, ಈ ಮದುವೆ ಬೇಡ. ಅದು ಹೆದರಿಕೆಯಾಗಿರಲಿಲ್ಲ, ಬೇಸರವೂ ಅಲ್ಲ. ಮಾಮನ ಮೇಲೆ ಇದ್ದ ಪ್ರೀತಿ ಇದ್ದ ಹಾಗೇ ಇತ್ತು. ಆದರೂ ಒಳಗಿನ ಬೇಡ ಅನ್ನುವುದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಯಾರೋ ಗಟ್ಟಿಯಾಗಿ ಹೇಳಿದರೋ ಎಂದು ನಾನು ಹಿಂತಿರುಗಿ ನೋಡಿದೆ.

ಈಗ ಕೂತು ಯೋಚಿಸಿದರೆ ಕಾರಣಗಳು ಸಿಗುತ್ತವೆ. ಆ ಮನೆಯಲ್ಲಿ ನಾನು ಎಂದೂ ದೊಡ್ಡವಳಾಗುತ್ತಿರಲಿಲ್ಲ, ಬಿಸ್ಕತ್ತಿಗೆ ಕಾಯುವ ಹುಡುಗಿಯಾಗಿಯೇ ಉಳಿಯುತ್ತಿದ್ದೆ ಅನ್ನಿಸುತ್ತದೆ. ಆದರೆ ಇದು ಆಮೇಲೆ ನಾನೇ ಹೊಲಿದು ಹಾಕಿದ ಕಾರಣ. ಅವತ್ತು ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ.

ಹೊಸ ಒಲೆ ಹಾಕಿ ಮುಗಿಸಿದ ಅಮ್ಮ ಕೊಡ ಎತ್ತಿಕೊಂಡು ಬೀದಿಯ ಕೊನೆಯ ನಲ್ಲಿಗೆ ಹೋದಳು. ಅವಳು ಬಾಗಿಲು ದಾಟಿದ ಕೂಡಲೇ ನನ್ನ ಬಾಯಿಂದ ಮಾತು ಬಿತ್ತು.

"ಮಾಮ, ನಂಗೆ ಈ ಮದ್ವೆ ಬ್ಯಾಡ."

ಅವನು ಸುತ್ತಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟ.

"ಯಾರನ್ನಾದ್ರೂ ಇಷ್ಟಪಟ್ಟಿದ್ದೀಯಾ?"

"ಇಲ್ಲ."

"ಗಣಿ ಕೆಲಸದೋನು ಅಂತ ಭಯಾನಾ?"

"ಇಲ್ಲ ಮಾಮ."

"ನಾನೇನಾದ್ರೂ ತಪ್ಪು ಮಾಡಿದ್ನಾ?"

ನಾನು ಅಳತೊಡಗಿದೆ. "ಇಲ್ಲ, ಇಲ್ಲ."

"ಮತ್ತೆ ಯಾಕಮ್ಮಾ?"

"ಯಾಕೋ."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೆ ಕೆನ್ನೆಗೆ ಹೊಡೆಯುತ್ತಿದ್ದರು. ಮಾಮ ಗೋಡೆಗೆ ಒರಗಿ ಕೂತ. ಮುಖ ಒಂದು ಗಳಿಗೆ ಮುದುಕನ ಮುಖದ ಹಾಗಾಗಿತ್ತು. ಆಮೇಲೆ ಮಾತಾಡಿದ, ನಿಧಾನವಾಗಿ.

"ಕೆಳಗಡೆ ನಾವು ಸಲಾಕೆಯಿಂದ ಬಂಡೆ ತಟ್ಟಿ ನೋಡ್ತೀವಿ ನಂಜಿ. ಸದ್ದು ಗಟ್ಟಿಯಾಗಿದ್ರೆ ಕೆಲಸ, ಟೊಳ್ಳಾಗಿದ್ರೆ ಇಂದಕ್ಕೆ ಸರೀತೀವಿ. ಕೆಲವು ಸಲ ಸದ್ದು ಗಟ್ಟಿಯಾಗೇ ಬತ್ತದೆ. ಆದ್ರೂ ಮನಸ್ಸು ಬ್ಯಾಡ ಅಂತದೆ. ಆಗ ನಾನು ಎಲ್ಲಾರ್ನೂ ಇಂದಕ್ಕೆ ಕರೀತೀನಿ. ಎಷ್ಟೋ ಸಲ ಏನೂ ಆಗಲ್ಲ. ನಗ್ತಾರೆ. ಎಂಕಟಸಾಮಿ ಎದರುಪುಕ್ಕಲ ಅಂತಾರೆ. ಅನ್ಲಿ."

"ನಿಜವಾಗ್ಲೂ ಬಿದ್ದೈತಾ?"

"ಒಂದು ಸಲ," ಅಂದ. ಅದರ ಬಗ್ಗೆ ಮುಂದೆ ಹೇಳಲಿಲ್ಲ. "ನೀನು ಬ್ಯಾಡ ಅಂದ್ರೆ ಬ್ಯಾಡ. ನಾನು ಅದರ ಮೇಲೆ ಕಾಲಿಡಲ್ಲ."

ಇಲ್ಲಿಗೆ ನಿಲ್ಲಿಸಿಬಿಟ್ಟಿದ್ದರೆ ನಾನು ಧೈರ್ಯವಂತೆ ಎಂದು ನೀವು ಅಂದುಕೊಳ್ಳುತ್ತಿದ್ದಿರಿ. ಆದರೆ ಮುಂದಿನ ಮಾತನ್ನೂ ಹೇಳಬೇಕು.

"ಅಮ್ಮಂಗೆ ಎಂಗೆ ಹೇಳೋದು?" ಎಂದು ಕೇಳಿದೆ.

"ನೀನು ಬಾಯಿ ಬಿಡಬ್ಯಾಡ. ನಾನೇ ಒಲ್ಲೆ ಅಂದೆ ಅಂತೀನಿ. ಹೆಣ್ಣು ಬ್ಯಾಡ ಅಂದ್ಳು ಅಂತ ಊರಿಗೆ ಗೊತ್ತಾದ್ರೆ ನಾಳೆ ನಿನ್ನ ಕೇಳೋಕೆ ಯಾರೂ ಬರಲ್ಲ."

ಆಗಲೂ ನನ್ನ ಒಳಗಿನದು ಮಾತಾಡಿತು. ಮೊದಲಿನಷ್ಟೇ ಸ್ಪಷ್ಟವಾಗಿ. ಇದು ಸರಿಯಿಲ್ಲ, ನೀನೇ ಹೇಳು ಅಂದಿತು. ಕೇಳಿಸಿತು. ಆದರೆ ಕೊಡ ಹೊತ್ತ ಅಮ್ಮನ ಹೆಜ್ಜೆಯ ಸದ್ದೂ ಕೇಳಿಸಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನೆ ನಿಂತೆ.

ಮಾಮ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ. ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೊಡವನ್ನು ಸೊಂಟದಿಂದ ಇಳಿಸದೆಯೇ ಕೇಳಿದಳು.

"ಯಾಕೋ?"

"ಯಾಕೋ ಮನಸ್ಸಿಲ್ಲ ಅಕ್ಕ."

"ನನ್ನ ಮಗಳು ನಿಂಗೆ ಮನಸ್ಸಿಗೆ ಬರ್ಲಿಲ್ವಾ? ಕೈ ಇಡಿದು ಕರ್ಕೊಂಡು ಬಂದು, ನನ್ನ ತಟ್ಟೆಯಾಗೆ ಉಣ್ಣಿಸಿದ್ದಕ್ಕೆ ಇದಾ?" ಅಮ್ಮನ ದನಿ ಏರಲಿಲ್ಲ. ನೀರನ್ನು ಹೊಸ ಒಲೆಯ ಮೇಲೆ ಸುರಿದು, ತಂದ ಪಾತ್ರೆಗಳನ್ನು ಮತ್ತೆ ಗೋಣಿಚೀಲಕ್ಕೆ ತುಂಬಿದಳು. "ಇವತ್ತಿಗೆ ಮುಗೀತು ಕಣೋ. ನಂಗೆ ತಮ್ಮ ಇಲ್ಲ."

ವಾಪಸು ಬರುವ ರೈಲಿನಲ್ಲಿ ಅವಳು ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. "ಅಳಬ್ಯಾಡ ಕಣೆ. ಅವನಿಗೆ ಕಣ್ಣಿಲ್ಲ. ನಿನ್ನಂಥೋಳು ಅವನಿಗೆಲ್ಲಿ ಸಿಕ್ತಾಳೆ?" ಎಂದು ಮತ್ತೆ ಮತ್ತೆ ಸಮಾಧಾನ ಮಾಡಿದಳು. ತಮ್ಮನನ್ನು ಕಳೆದುಕೊಂಡ ದಿನ ಅವಳು ಸಂತೈಸುತ್ತಿದ್ದದ್ದು ನನ್ನನ್ನು. ನಾನು ಆಗಲೂ ಬಾಯಿ ಬಿಡಲಿಲ್ಲ.

ಒಂದು ವರ್ಷ ಕಳೆದ ಮೇಲೆ ಮಾಮ ನಮ್ಮ ಅಂಗಳಕ್ಕೆ ಬಂದ. ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಆಂಡರ್ಸನ್‌ಪೇಟೆಯ ಹುಡುಗಿಯೊಬ್ಬಳೊಂದಿಗೆ ಮದುವೆ ಗೊತ್ತಾಗಿತ್ತು, ಅಕ್ಕನನ್ನು ಕರೆಯಲು ಬಂದಿದ್ದ. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಅಪ್ಪ ಜಗಲಿಯ ಮೇಲೆ ಕೂತು ಸುಮ್ಮನೆ ಟವೆಲು ಮಡಿಸಿದರು, ಬಿಚ್ಚಿದರು. ನಾನು ನಡುಮನೆಯಲ್ಲಿ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದೆ. ಎದ್ದು ನಿಂತೆ. ಮಾಮ ಬಾಗಿಲಿನಾಚೆಯಿಂದ ನನ್ನನ್ನು ನೋಡಿ, ಬೇಡ ಎಂದು ತಲೆಯಾಡಿಸಿದ. ಬಿಸಿಲಲ್ಲಿ ಇನ್ನಷ್ಟು ಹೊತ್ತು ನಿಂತಿದ್ದು, ತಟ್ಟೆಯನ್ನು ತುಳಸಿಕಟ್ಟೆಯ ಮೇಲಿಟ್ಟು ಹೋದ. ನಾನು ಮತ್ತೆ ಕೂತು ಕಲ್ಲು ಆರಿಸಿದೆ. ಅವನ ಮದುವೆಗೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.

ನನ್ನ ಒಳಗಿನದು ಇನ್ನೊಂದು ಸಲ ಸ್ಪಷ್ಟವಾಗಿ ಮಾತಾಡಿದ್ದು ಅದಾದ ಎರಡು ವರ್ಷಕ್ಕೆ. ನಮ್ಮೂರಿಗೆ ಟಪಾಲು ತರುತ್ತಿದ್ದ ಹುಡುಗ ಕಾಗದಗಳನ್ನು ನನ್ನ ಕೈಗೇ ಕೊಡುತ್ತಿದ್ದ, ಹಗಲು ಹೊತ್ತು ಓದಿ ಹೇಳಲು ಊರಿನಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ನಾನು ಓದಲು ಶುರುಮಾಡಿದ ಕೂಡಲೇ ಅವನು ಎದ್ದು, ಒಂದಕ್ಷರವೂ ಕಿವಿಗೆ ಬೀಳದಷ್ಟು ದೂರ ಹೋಗಿ ಎಮ್ಮೆಗಳನ್ನು ನೋಡುತ್ತ ನಿಲ್ಲುತ್ತಿದ್ದ. ಅವನ ಮನೆಯವರು ಕೇಳಲು ಬಂದರು. ಅಪ್ಪ ನನ್ನ ಮುಖ ನೋಡಿದರು. ಮಣ್ಣಿನ ಮನೆ, ಚಿಕ್ಕ ಸಂಬಳ, ಜಮೀನಿಲ್ಲ. ನಾನು ಹೂಂ ಅಂದೆ. ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ ನನ್ನ ಉತ್ತರ ನಿಮಗೆ ಗೊತ್ತೇ ಇದೆ.

ಲಗ್ನದ ಮಾತಾಡುವಾಗ ಅಪ್ಪ ಕೇಳಿದರು, "ಸೋದರಮಾವ ಇಲ್ದೆ ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋದು ಎಂಗೆ?"

ಅಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. "ನಮ್ಮ ದೊಡ್ಡಪ್ಪನ ಮಗ ಅವ್ನೆ, ಅವನನ್ನ ಕರೆದ್ರಾಯ್ತು. ನನ್ನ ಪಾಲಿಗೆ ಆ ಎಂಕಟ ಇಲ್ಲ."

ನಾನು ಅಮ್ಮನ ಎದುರಿಗೆ ಹೋಗಿ ಕೂತೆ. "ಅಮ್ಮ, ಮಾಮ ಬ್ಯಾಡ ಅನ್ಲಿಲ್ಲ. ನಾನು ಬ್ಯಾಡ ಅಂದೆ. ನೀನು ನೀರಿಗೆ ಹೋಗಿದ್ದಾಗ."

ಮೊರ ನಿಂತಿತು. ರಾಗಿಯ ಹೊಟ್ಟು ಅವಳ ಕೂದಲಿನ ಮೇಲೆ, ಹುಬ್ಬಿನ ಮೇಲೆ ಇಳಿಯುತ್ತಿತ್ತು. ಹೊಡೆಯುತ್ತಾಳೆಂದು ನಾನು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನೀನು ಅಂದಿದ್ರೆ ಎರಡು ಏಟು ಹಾಕ್ತಿದ್ದೆ," ಅಂದಳು. "ಒಂದು ತಿಂಗಳು ಅಳ್ತಿದ್ದೆ. ಆಮೇಲೆ ಸುಮ್ನಾಗ್ತಿದ್ದೆ. ಮೂರು ವರ್ಷ ಕಣೇ. ಅವನ ಮದ್ವೇನೂ ನೋಡದಂಗೆ ಮಾಡ್ದೆಯಲ್ಲೇ."

ಮನಸ್ಸಿನ ಮಾತು ಕೇಳಿ ಬದುಕಿದೆ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಒಂದು ಮಾತು ಕೇಳಬೇಕು ಅನ್ನಿಸುತ್ತದೆ: ಎಲ್ಲ ಸಲವೂ ಕೇಳಿದಿರಾ, ಅಥವಾ ಅನುಕೂಲವಾದಾಗ ಮಾತ್ರವೋ? ಅವತ್ತು ಆ ಮನೆಯಲ್ಲಿ ನನಗೆ ಎರಡು ಮಾತು ಕೇಳಿಸಿದ್ದವು. ಒಂದನ್ನು ನಂಬಿದ್ದು ನನಗಾಗಿ. ಇನ್ನೊಂದನ್ನು ನಂಬಿದ್ದರೆ ಅದರ ಏಟು ನನಗೆ ಬೀಳುತ್ತಿತ್ತು, ಅದಕ್ಕೇ ಕಿವಿ ಮುಚ್ಚಿಕೊಂಡೆ. ಮದುವೆ ಬೇಡವೆಂದದ್ದು ದೊಡ್ಡ ಧೈರ್ಯದ ಕೆಲಸ ಎಂದು ಬಹಳ ದಿನ ಅಂದುಕೊಂಡಿದ್ದೆ. ಅದಕ್ಕಿಂತ ಕಷ್ಟದ್ದು ಅದರ ಹಿಂದೆಯೇ ಬಂದು ನಿಂತಿತ್ತು.

ನನ್ನ ಮದುವೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಾಮ ಬಂದ. ನನ್ನ ಕೈ ಹಿಡಿದು ಮಂಟಪಕ್ಕೆ ಕರೆತಂದವನು ಅವನೇ. "ಕಾಲು ಸಣಕಲು, ಜೋಪಾನ" ಎಂದು ನಮ್ಮ ಯಜಮಾನರಿಗೆ ಹೇಳಿ ಎಲ್ಲರನ್ನೂ ನಗಿಸಿದ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ದಿನವಲ್ಲ. ಅಮ್ಮನಿಗೆ ನಿಜ ಹೇಳಿದ ಮರುದಿನ.

ಬೆಳಿಗ್ಗೆ ಎದ್ದವಳೇ ಅಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಂದು ತುಂಬು ಡಬ್ಬಿ ಬೆಣ್ಣೆ ಎತ್ತಿಕೊಂಡು, "ನಡಿ" ಅಂದಳು. ರೈಲಿನಲ್ಲಿ ನನ್ನ ಕೈ ಮುಟ್ಟಲಿಲ್ಲ. ಕೋರಮಂಡಲ್‌ನಲ್ಲಿ ಇಳಿದು, ಮೂರು ವರ್ಷದ ಹಿಂದೆ ನಡೆದ ದಾರಿಯಲ್ಲಿ ಒಂದು ಸಲವೂ ಯಾರನ್ನೂ ಕೇಳದೆ ಮನೆಯ ಮುಂದೆ ಹೋಗಿ ನಿಂತಳು. ಚಾವಡಿಯಲ್ಲಿ ಒಬ್ಬ ಹೆಂಗಸು ಮಗುವಿಗೆ ಉಣ್ಣಿಸುತ್ತಿದ್ದಳು. ಮಾಮನ ಹೆಂಡತಿ ಕಾಮಾಕ್ಷಿ. ನಾವು ಯಾರೆಂದು ಹೇಳುವ ಮೊದಲೇ ಅಮ್ಮನ ಮುಖ ನೋಡಿ ಗುರುತು ಹಿಡಿದಳು, ಮಾಮನದೂ ಅದೇ ಮೂಗು.

"ವಾಂಗ ಅಕ್ಕಾ, ಒಳಗೆ ಬನ್ನಿ," ಎಂದು ಎದ್ದು, ಒಳಗಿದ್ದ ಗಂಡನನ್ನು ಕೂಗಿದಳು. "ಎನ್ನಂಗ! ಅಕ್ಕ ಬಂದವ್ರೆ!"

ಒಳಗೆ ಮಲಗಿದ್ದ ಮಾಮ ಎದ್ದು ಬಂದ. ಅಮ್ಮ ಬೆಣ್ಣೆಯ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದವನಂತೆ ನಿಂತ. ಒಂದು ಸಲ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಹೇಳಿದೆ ಎಂದು ಅವನಿಗೆ ತಿಳಿಯಿತು.

ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾಮಾಕ್ಷಿಯನ್ನು ಮದುವೆಯ ವಿಚಾರ ಕೇಳತೊಡಗಿದಳು. ಎಲ್ಲಿ ಮಾಡಿದಿರಿ? ಅಡುಗೆ ಏನು? ಸೀರೆ ಯಾವ ಬಣ್ಣ? ಕಾಮಾಕ್ಷಿ ಕನ್ನಡ, ತಮಿಳು ಬೆರೆಸಿ, ಕೈ ಬೀಸಿ, ಗಟ್ಟಿಯಾಗಿ ನಗುತ್ತ ಹೇಳಿದಳು. ಆ ಮನೆಯಲ್ಲಿ ನಾನು ಹಾಗೆ ಎಂದೂ ನಗುತ್ತಿರಲಿಲ್ಲ. ಕೊನೆಗೆ ಅಮ್ಮ ದನಿ ತಗ್ಗಿಸಿ ಕೇಳಿದಳು.

"ಕಳಸ ಯಾರು ಇಡಕೊಂಡ್ರು?"

ನಮ್ಮಲ್ಲಿ ಧಾರೆಯ ಹೊತ್ತಿಗೆ ಗಂಡಿನ ಅಕ್ಕನೋ ತಂಗಿಯೋ ತುಂಬಿದ ಕಳಸ ಹಿಡಿದು ಅವನ ಹಿಂದೆ ನಿಲ್ಲಬೇಕು.

"ಯಾರೂ ಇಲ್ಲ ಅಕ್ಕಾ," ಅಂದಳು ಕಾಮಾಕ್ಷಿ. "ನಮ್ಮ ಅತ್ತೈ ಮಗಳು ಹಿಡೀತೀನಿ ಅಂತ ಬಂದ್ಳು. ಇವ್ರು ವೇಂಡಾಂ, ಬೇಡ ಅಂದ್ರು. ಹಿಂದೆ ಒಂದು ಮಣೆ ಮೇಲೆ ಇಡ್ಸಿದ್ರು. ಅದು ನಮ್ಮಕ್ಕನ ಜಾಗ, ಹಂಗೇ ಇರ್ಲಿ ಅಂದ್ರು."

ಅಮ್ಮ ಮಗುವನ್ನು ಕೆಳಗಿಳಿಸಿದಳು. "ಆ ಕಳಸ ಐತಾ?"

ಕಾಮಾಕ್ಷಿ ಒಳಗಿನಿಂದ ತಂದಳು. ಚಿಕ್ಕ ಹಿತ್ತಾಳೆಯ ಚೊಂಬು. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ನೀರು ತುಂಬಿ, ಇಬ್ಬರಿಗೂ ಪಕ್ಕಪಕ್ಕದಲ್ಲಿ ಕೂರಲು ಹೇಳಿದಳು.

"ಏನಕ್ಕಾ ಇದು, ಮಗು ಆದ್ಮೇಲೆ," ಎಂದು ಮಾಮ ನಗಲು ಹೋದ.

"ಬಾಯಿ ಮುಚ್ಕೊಂಡು ಕೂತ್ಕೋ."

ಅವನು ಕೂತ. ಕಾಮಾಕ್ಷಿ ಸೆರಗು ಸರಿಮಾಡಿಕೊಂಡು, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಅಮ್ಮ ಕಳಸ ಹಿಡಿದು ತಮ್ಮನ ಹಿಂದೆ ನಿಂತಳು. ಮಂತ್ರವಿಲ್ಲ, ಓಲಗವಿಲ್ಲ. ಅದಿರು ಕುಟ್ಟುವ ಸದ್ದು, ಅನ್ನ ಮೆತ್ತಿಕೊಂಡ ಬಾಯಿಯಿಂದ ಮಗುವಿನ ಗುನುಗು. ಸ್ವಲ್ಪ ಹೊತ್ತಿಗೆ ಮಾಮನ ತಲೆ ಬಾಗಿತು, ಭುಜ ಅಲುಗಿತು. ಕಳಸದ ನೀರು ಅಂಚಿನಿಂದ ಹನಿಹನಿಯಾಗಿ ಅವನ ಬೆನ್ನ ಮೇಲೆ ಬೀಳುತ್ತಿತ್ತು.

ನಾನು ಹತ್ತಿರ ಹೋದೆ. "ಕೊಡಮ್ಮ, ನಾನು ಒಂದು ಕೈ ಇಡೀತೀನಿ."

"ನೀನು ಅಲ್ಲಿ ನಿಂತ್ಕೊ," ಅಂದಳು ಅಮ್ಮ, ನನ್ನ ಕಡೆ ತಿರುಗದೆ. "ಇದು ನಂದು."

ನಾನು ಬಾಗಿಲ ಪಕ್ಕಕ್ಕೆ ಸರಿದು ನಿಂತೆ.